ಹನ್ನೊಂದನೆಯ ವಿಷಯ: ಮುದುಕಿಗೆ ನೀರು ತರುವುದು

ಕಣಗಿನಹಾಳದಲ್ಲಿ ಹುಟ್ಟಿದವನಿಗೆ ಸಂಘದ ಉಪವಿಧಿಗಳನ್ನು ಯಾರೂ ಕಲಿಸಬೇಕಾಗಿಲ್ಲ, ಅವು ತಾಯಿಯ ಹಾಲಿನೊಡನೆ ತಾವಾಗಿಯೇ ಒಳಗಿಳಿಯುತ್ತವೆ ಎಂಬುದು ಚನ್ನಬಸವಣ್ಣನವರ ಸಿದ್ಧಾಂತವಾಗಿತ್ತು. ಸಹಕಾರ ಸಂಘವೆಂಬುದು ನಾಡಿಗೆ ಹೊಸದಾಗಿದ್ದ ಕಾಲದಲ್ಲಿಯೇ ಆ ಊರಿನವರು ಸಂಘ ಕಟ್ಟಿದ್ದರಷ್ಟೆ. ಅಲ್ಲಿಯ ಮಣ್ಣಿನಲ್ಲಿ ಹೊರಳಾಡಿ ಬೆಳೆದ ತಮಗೆ ನಿಯಮಜ್ಞಾನವು ಜನ್ಮಸಿದ್ಧವೆಂದು ಅವರು ಪರಿಚಿತರಿಗೂ ಅಪರಿಚಿತರಿಗೂ, ಒಮ್ಮೆ ಗದಗಿನ ಆಟೋದವನಿಗೂ, ಸವಿಸ್ತಾರವಾಗಿ ನಿವೇದಿಸಿದ್ದರು. ಆಟೋದವನು ಬಾಗಿಲು ಬಂದ ಮೇಲೂ ಇಳಿಸಲಾಗದೆ ಎರಡು ಸುತ್ತು ಹೆಚ್ಚಿಗೆ ಸುತ್ತಿದನೆಂದು ಓಣಿಯವರು ಹೇಳುತ್ತಾರೆ.

ಮೂವತ್ತನಾಲ್ಕು ವರ್ಷ ಅವರು ಗದಗ ತಾಲೂಕಿನ ಸಣ್ಣದೊಂದು ಸಂಘದ ಕಾರ್ಯದರ್ಶಿಯಾಗಿದ್ದರು. ಬೆಟಗೇರಿಯ ಮನೆಯಿಂದ ಸೈಕಲ್ಲಿನ ಮೇಲೆ ಹೋಗಿ, ಸಭೆಯ ನೋಟೀಸು ಬರೆದು, ಠರಾವು ಬರೆದು, ಸಂಜೆಗೆ ಮರಳುತ್ತಿದ್ದರು. ನಿವೃತ್ತಿಯಾದ ಮೇಲೆ ಸಂಘ ಹೋಯಿತು, ಠರಾವು ಹೋಗಲಿಲ್ಲ. ಹೆಂಡತಿ ಸಿದ್ದಲಿಂಗವ್ವ, “ಇವತ್ತ ಬದ್ನಿಕಾಯಿ ಪಲ್ಯಾ ಮಾಡ್ಲೇನ್ರಿ?” ಎಂದು ಕೇಳಿದರೆ, “ಅನುಮೋದಿಸಲಾಗಿದೆ” ಎಂದು ಉತ್ತರಿಸುತ್ತಿದ್ದರು. “ಅನುಮೋದನಾ ಕೊಟ್ಟವ್ರು ಬದ್ನಿಕಾಯಿ ತಂದಾರೇನು?” ಎಂದು ಆಕೆ ಮರುಪ್ರಶ್ನೆ ಹಾಕಿದಾಗ, ಆ ವಿಷಯವು ಅಜೆಂಡಾದಲ್ಲಿ ಇಲ್ಲದ ಕಾರಣ ಮೌನ ವಹಿಸುತ್ತಿದ್ದರು.

ಎದುರುಮನೆಯ ರಹಮಾನಸಾಬರು ದರ್ಜಿ. ಮದುಮಗನ ಶೇರವಾನಿ ಹೊಲಿಯುವುದರಲ್ಲಿ ಲಕ್ಷ್ಮೇಶ್ವರ, ಮುಂಡರಗಿಗಳವರೆಗೆ ಅವರ ಹೆಸರಿತ್ತು. ಆದರೆ ಹೊಲಿಗೆಗಿಂತ ದೊಡ್ಡದು ಅವರ ಮಾತು. ಒಂದು ಗುಂಡಿ ಹಚ್ಚುವಷ್ಟರಲ್ಲಿ ಗುಂಡಿಯ ಕಥೆ, ಗುಂಡಿ ಮಾರಿದವನ ಕಥೆ, ಅವನ ಅತ್ತೆಮನೆಯ ಕಥೆ ಮುಗಿದು, ಗಿರಾಕಿಗೆ ಅಂಗಿ ಬೇಡವಾಗಿ ಕಥೆಯೇ ಬೇಕಾಗಿರುತ್ತಿತ್ತು. ಮೂವತ್ತು ವರ್ಷ, ಪ್ರತಿ ಸಂಜೆ, ಕಟ್ಟೆಯ ಮೇಲೆ ಕುಳಿತು ರಹಮಾನಸಾಬರು ಮಾತಾಡಿದರು, ಚನ್ನಬಸವಣ್ಣನವರು ಹೂಂಗುಟ್ಟಿದರು. ಇಬ್ಬರಿಗೂ ತಮ್ಮ ಪಾಲಿನ ಕೆಲಸವೇ ಹೆಚ್ಚಿನದೆಂಬ ನಂಬಿಕೆಯಿದ್ದುದರಿಂದ ಸ್ನೇಹವು ನಿರ್ವಿಘ್ನವಾಗಿ ನಡೆದಿತ್ತು.

ಆ ಮಾತು ಒಂದು ದಿನ ನಿಂತಿತು. ರಹಮಾನಸಾಬರು ಬೆಳ್ಳಟ್ಟಿಯ ಮದುಮಗನೊಬ್ಬನಿಗೆ ಶೇರವಾನಿಯ ಅಳತೆ ಸರಿಪಡಿಸಲು ಹೋಗಿದ್ದ ಮಧ್ಯಾಹ್ನ, ಮನೆಯಲ್ಲಿ ಹೆಂಡತಿ ಅಮೀನಬಿಗೆ ಎದೆ ಹಿಡಿಯಿತು. ಮಗಳು ಫರ್ಹಾನಾ ಆಸ್ಪತ್ರೆಗೆ ಒಯ್ದಳು, ತಂದೆಗೆ ಫೋನು ಮಾಡಿಸಿದಳು. ಅವರು ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೋಗುವ ಜೀವದ ಬಾಯಿಗೆ ಹತ್ತಿರದವರು ನೀರು ಬಿಡುವುದು ಆ ಓಣಿಯಲ್ಲಿ ಎರಡೂ ಜಾತಿಯವರ ಪದ್ಧತಿ. ಅಮೀನಬಿಯ ತಮ್ಮ ಅಬ್ದುಲಗನಿ, ಹಳೆಯ ಟಾಯರುಗಳ ವ್ಯಾಪಾರಿ, ಆಸ್ಪತ್ರೆಯ ಬಾಗಿಲಲ್ಲಿ ಎಲ್ಲರೆದುರಿಗೆ ಅಂದುಬಿಟ್ಟ: “ಒಂದು ಹನಿ ನೀರು ಹಾಕಾಕ ನಿಮಗ ಪುರಸತ್ತಾಗಲಿಲ್ಲ, ದುಲ್ಹಾಭಾಯಿ. ಹೊಲಿಗಿ ದೊಡ್ಡದಾತು.” ರಹಮಾನಸಾಬರು ಏನೂ ಹೇಳಲಿಲ್ಲ. ಅಂದು ಹೇಳಲಿಲ್ಲ, ಮರುದಿನ ಹೇಳಲಿಲ್ಲ, ಒಂಬತ್ತು ತಿಂಗಳು ಕಳೆದರೂ ಹೇಳಲಿಲ್ಲ.

ಡಾಕ್ಟರು ಗಂಟಲು ನೋಡಿದರು, ನಾಲಗೆ ನೋಡಿದರು, ತಲೆಯ ಚಿತ್ರ ತೆಗೆಸಿದರು, ಎಲ್ಲವೂ ಸರಿಯಿದೆ ಎಂದರು. ಎಲ್ಲವೂ ಸರಿಯಿದ್ದ ಮನುಷ್ಯ ಮಾತ್ರ ಬಾಯಿ ತೆರೆಯಲಿಲ್ಲ. ಚನ್ನಬಸವಣ್ಣನವರು ಸಂಜೆ ಕಟ್ಟೆಗೆ ಹೋಗುವುದನ್ನು ಬಿಡಲಿಲ್ಲ. ಗೆಳೆಯನ ಪಕ್ಕದಲ್ಲಿ ಕುಳಿತು, ಹಳೆಯ ರೂಢಿಯಂತೆ ನಡುನಡುವೆ “ಹೂಂ” ಎನ್ನುತ್ತಿದ್ದರು. ಯಾವ ಮಾತಿಗೆಂದು ಯಾರೂ ಕೇಳಲಿಲ್ಲ.

ಫರ್ಹಾನಾ ಶಾಲೆಯ ಶಿಕ್ಷಕಿ. ಮಾತು ಬಾರದ ಮಕ್ಕಳಿಗೆ ಕಲಿಸುವ ತರಬೇತಿಯೊಂದಕ್ಕೆ ಹುಬ್ಬಳ್ಳಿಗೆ ಹೋದವಳು ಒಂದು ಹಾಳೆಯನ್ನೂ ಒಂದು ದಾಳವನ್ನೂ ಹಿಡಿದುಕೊಂಡು ಬಂದಳು.

“ಕಾಕಾ, ಇದೊಂದು ಆಟ ಐತ್ರಿ. ಪಟ ಇಲ್ಲ, ಕಾಯಿ ಇಲ್ಲ, ಸೋಲು ಗೆಲುವು ಇಲ್ಲ. ಒಬ್ರು ಕಥಿ ಹೇಳಬೇಕು. ಉಳಿದವ್ರು ಆ ಕಥಿಯಾಗ ಒಬ್ಬೊಬ್ರು ಒಂದೊಂದು ಪಾತ್ರ ಆಗಬೇಕು. ‘ಈಗ ನೀವೇನು ಮಾಡ್ತೀರಿ’ ಅಂತ ಕೇಳಿದ್ರ, ಏನು ಮಾಡ್ತೀನಿ ಅಂತ ಬಾಯಿಬಿಟ್ಟು ಹೇಳಬೇಕು. ಅದು ಆಗತೈತೋ ಇಲ್ಲೋ ಅನ್ನೂದನ್ನ ದಾಳ ಹೇಳತೈತಿ.”

“ನಿಯಮ ಎಷ್ಟವ?”

“ಇದ ಹಾಳಿ. ಮೂರು ಸಾಲು.”

ಧೋತರವಿಲ್ಲದೆ ಮದುವೆಗೆ ಬಂದವನನ್ನು ನೋಡುವಂತೆ ಚನ್ನಬಸವಣ್ಣನವರು ಆ ಹಾಳೆಯನ್ನು ನೋಡಿದರು. ಹೇಳುವವನು ಹೇಳಬೇಕು, ಆಡುವವನು ತಾನೇನು ಮಾಡುವೆನೆಂದು ನುಡಿಯಬೇಕು, ನಾಲ್ಕು, ಐದು, ಆರು ಬಿದ್ದರೆ ಕೆಲಸವಾಯಿತು, ಅದಕ್ಕಿಂತ ಕಡಿಮೆ ಬಿದ್ದರೆ ಆಗಲಿಲ್ಲ. ಇಷ್ಟೇ. ಕೋರಂ ಇಲ್ಲ, ಹಾಜರಿ ಇಲ್ಲ, ಸಹಿ ಇಲ್ಲ.

“ಇದು ಆಟ ಅಲ್ಲವಾ ತಂಗಿ, ಅರಾಜಕತಿ,” ಎಂದರು. ಆದರೂ ಗೆಳೆಯನ ಸಲುವಾಗಿ ಒಪ್ಪಿದರು. ಓದು ಬರಹ ಬಲ್ಲವರೆಂದು ಕಥೆ ಹೇಳುವ ಹೊಣೆ ಅವರ ಮೇಲೆಯೇ ಬಿತ್ತು.

ರವಿವಾರ ಮಧ್ಯಾಹ್ನ ರಹಮಾನಸಾಬರ ಪಡಸಾಲೆಯಲ್ಲಿ ಆಟ ಕೂಡಿತು. ಸಿದ್ದಲಿಂಗವ್ವ ತಾನು ರಾಣಿ ಎಂದಳು. “ಮನ್ಯಾಗಂತೂ ಆಗಲಿಲ್ಲ, ಇಲ್ಲ್ಯರ ಆಗ್ತೀನಿ.” ಅಬ್ದುಲಗನಿ ಸೇನಾಪತಿಯಾದ. ಒಂಬತ್ತು ತಿಂಗಳು ಭಾವನ ಹೊಸ್ತಿಲು ತುಳಿಯದೆ, ಅಕ್ಕನ ಮಗಳ ಒತ್ತಾಯಕ್ಕೆ ಅಂದು ಬಂದಿದ್ದವನು, ಮೂಲೆಯಲ್ಲಿ ಭಾವನ ಮುಖ ಕಾಣದ ಹಾಗೆ ಕುಳಿತಿದ್ದ. ರಹಮಾನಸಾಬರನ್ನು ಫರ್ಹಾನಾ ದಾರಿಹೋಕನೆಂದು ಬರೆದಳು.

ಚನ್ನಬಸವಣ್ಣನವರು ಕನ್ನಡಕ ಏರಿಸಿ ಕಥೆಯನ್ನು ಆರಂಭಿಸಿದರು. “ಈ ಮೂಲಕ ತಮ್ಮೆಲ್ಲರ ಗಮನಕ್ಕೆ ತರುವುದೇನೆಂದರೆ, ಒಂದು ಬೆಟ್ಟವಿದ್ದು, ಸದರಿ ಬೆಟ್ಟದ ಮೇಲೆ ಕೋಟೆಯಿರುತ್ತದೆ. ಸದರಿ ಕೋಟೆಯ ದಾರಿಯಲ್ಲಿ ಒಂದು ಬಾವಿಯಿದ್ದು, ಅದರ ಹತ್ತಿರ ಒಬ್ಬ ಮುದುಕಿ ಬಾಯಾರಿ ಬಿದ್ದಿರುತ್ತಾಳೆ. ಬಾವಿ ಆಳ. ಹಗ್ಗ ಇರುವುದಿಲ್ಲ.”

“ಮುದುಕಿನ್ನ ದಾಟಿ ಕೋಟಿಗೆ ಹೋಗೂಣು,” ಎಂದ ಅಬ್ದುಲಗನಿ.

“ರಾಣಿ ಹಾದ್ಯಾಗ ನಿಂದ್ರೂದಿಲ್ಲ,” ಎಂದಳು ಸಿದ್ದಲಿಂಗವ್ವ.

ಚನ್ನಬಸವಣ್ಣನವರು ಹಾಳೆಯಲ್ಲಿದ್ದ ಪ್ರಶ್ನೆಯನ್ನು ಗೆಳೆಯನತ್ತ ತಿರುಗಿ ಕೇಳಿದರು. “ಈಗ ನೀವೇನು ಮಾಡ್ತೀರಿ, ರಹಮಾನಸಾಬರ?”

ಓಣಿಯಲ್ಲಿ ಬೆಳ್ಳುಳ್ಳಿ ಮಾರುವ ಗಾಡಿ ಕೂಗುತ್ತ ಬಂದು, ಕೂಗುತ್ತ ಹೋಯಿತು. ರಹಮಾನಸಾಬರು ಚಾಪೆಯ ಮೇಲೆ ಒಂದಿಷ್ಟು ಮುಂದೆ ಸರಿದರು.

“ನೀರು ತರ್ತೀನಿ,” ಎಂದರು.

ಎರಡೇ ಶಬ್ದ. ಆದರೆ ತಪಸ್ಸು ಫಲಿಸಿದ ಮನೆಯಲ್ಲಿ ವರದ ಉದ್ದಗಲವನ್ನು ಯಾರು ಅಳೆಯುತ್ತಾರೆ? ಫರ್ಹಾನಾ ಮುಖ ಮುಚ್ಚಿಕೊಂಡು ಒಳಗೋಡಿದಳು. ರಾಣಿಯು ರಾಜ್ಯಭಾರವನ್ನು ಅಲ್ಲಿಯೇ ಬಿಟ್ಟು ಮನೆಗೆ ಹೋಗಿ ಡಬ್ಬಿ ತಂದು, ಓಣಿಯ ಹದಿನಾಲ್ಕು ಮನೆಗಳಿಗೂ ಸಕ್ಕರೆ ಹಂಚಿದಳು. ಚನ್ನಬಸವಣ್ಣನವರು ಹೂಂಗುಟ್ಟಲು ಹೋಗಿ ಕೆಮ್ಮಿದರು. ಈ ಸಂಭ್ರಮದಲ್ಲಿ ದಾಳವನ್ನು ಹಾಕುವುದು ಎಲ್ಲರಿಗೂ ಮರೆತುಹೋಯಿತು. ನೀರು ಬಂತೋ ಇಲ್ಲವೋ ತಿಳಿಯಲಿಲ್ಲ.

ಇಲ್ಲಿಗೆ ಬಿಟ್ಟಿದ್ದರೆ ಚನ್ನಬಸವಣ್ಣನವರು ಕಣಗಿನಹಾಳದವರಾಗಿ ಏನು ಪ್ರಯೋಜನ? ನಿಯಮವಿಲ್ಲದೆ ಆದ ಒಳಿತು ಆಕಸ್ಮಿಕ. ಆಕಸ್ಮಿಕವಾಗಿ ಬಂದದ್ದು ಆಕಸ್ಮಿಕವಾಗಿಯೇ ಹೋಗುತ್ತದೆ. ಆದ್ದರಿಂದ ಅದನ್ನು ವಿಧಿಗಳಿಂದ ಕಟ್ಟಿಹಾಕತಕ್ಕದ್ದು. ಹೀಗೆ ಪೂರ್ವಪಕ್ಷ, ಸಿದ್ಧಾಂತಗಳನ್ನು ತಾವೇ ಮಂಡಿಸಿ ತಾವೇ ಗೆದ್ದು, ಮೂರು ಹಗಲು ಕುಳಿತು, ನಲವತ್ತಮೂರು ಉಪವಿಧಿಗಳನ್ನು ರಚಿಸಿದರು. ಅವುಗಳಲ್ಲಿ ಹದಿನೇಳನೆಯದನ್ನು ವಿಶೇಷ ಪ್ರೀತಿಯಿಂದ ಬರೆದರು. ಮಾತಾಡದ ಗೆಳೆಯನೂ ಸಭೆಯಲ್ಲಿ ಲೆಕ್ಕಕ್ಕೆ ಬರಬೇಕು, ಯಾರೂ ಆತನನ್ನು ಬದಿಗೆ ಸರಿಸಬಾರದು ಎಂಬ ಕರುಣೆ ಅದರಲ್ಲಿತ್ತು: “ಸಭೆಯಲ್ಲಿ ಹಾಜರಿದ್ದು ಸುಮ್ಮನಿರುವ ಸದಸ್ಯರು ಠರಾವಿನ ಪರವಾಗಿ ಮತ ನೀಡಿದ್ದಾರೆಂದು ತಿಳಿಯತಕ್ಕದ್ದು.”

ಮುಂದಿನ ರವಿವಾರ ಕೋಟೆಯ ಬಾಗಿಲಲ್ಲಿ ರಾಕ್ಷಸನು ಕಾಣಿಸಿಕೊಂಡನು.

“ಹೊಡೀತೀನಿ,” ಎಂದ ಅಬ್ದುಲಗನಿ, ದಾಳಕ್ಕೆ ಕೈಚಾಚಿ.

“ತಡೀರಿ. ಸೂಚಕರು ಯಾರು?”

“ಸೂಚಕರ? ರಾಕ್ಷಸ ಎದುರಿಗೆ ನಿಂತಾನಲ್ರಿ.”

“ನಿಂತಿರ್ತಾನ. ಅಂವಾ ಎಲ್ಲಿ ಹೋಗ್ತಾನ? ಸೂಚಕರು ಅಬ್ದುಲಗನಿ ಅಂತ ಬರದೆ. ಅನುಮೋದಕರು?”

“ನಾ ಅನುಮೋದಿಸೂದಿಲ್ಲ,” ಎಂದಳು ಸಿದ್ದಲಿಂಗವ್ವ. “ರಾಕ್ಷಸನ್ನ ಕೊಂದ್ರ ಕೋಟಿ ಕಸಾ ಹೊಡಿಯಾವ್ರು ಯಾರು? ಅಷ್ಟು ದೊಡ್ಡ ಮೈ ಐತಿ. ದುಡಿಸಿಕೊಳ್ಳೂಣು.”

“ತಿದ್ದುಪಡಿ ಬಂದೈತಿ,” ಎಂದು ಚನ್ನಬಸವಣ್ಣನವರು ಹರ್ಷದಿಂದ ಬರೆದರು. ಎರಡು ತಾಸು ಚರ್ಚೆ ನಡೆಯಿತು. ರಾಕ್ಷಸನು ಎತ್ತಿದ ಗದೆಯನ್ನು ಹಾಗೆಯೇ ಎತ್ತಿಹಿಡಿದು, ಯಾವ ಉಪವಿಧಿಯ ಅಡಿಯಲ್ಲಿಯೂ ಅದನ್ನು ಇಳಿಸಲು ಅವಕಾಶವಿಲ್ಲದೆ ನಿಂತಿದ್ದನು. ಕೊನೆಗೆ ಮತಕ್ಕೆ ಹಾಕಿದಾಗ ಒಬ್ಬರು ಪರ, ಒಬ್ಬರು ವಿರುದ್ಧ, ಫರ್ಹಾನಾ ತಟಸ್ಥ. ಚನ್ನಬಸವಣ್ಣನವರು ಗೆಳೆಯನ ಕಡೆಗೆ ನೋಡಿದರು. ರಹಮಾನಸಾಬರು ಬಾಗಿಲಾಚೆಯ ಬೆಳಕನ್ನು ನೋಡುತ್ತ ಕುಳಿತಿದ್ದರು.

“ಸುಮ್ಮನದಾರ. ಹದಿನೇಳನೇ ವಿಧಿ ಪ್ರಕಾರ ಪರ. ತಿದ್ದುಪಡಿ ಪಾಸಾತು. ರಾಕ್ಷಸನ್ನ ಕಸಾ ಹೊಡಿಯಾಕ ಇಟ್ಟುಕೊಳ್ಳಲಾಗೈತಿ.”

ಅಂದಿನಿಂದ ಆಟದ ಸ್ವಭಾವವೇ ಬದಲಾಯಿತು. ಮೂರು ಸಾಲಿನ ಹಾಳೆಯಿದ್ದಾಗ ಒಬ್ಬರ ಮುಖವನ್ನೊಬ್ಬರು ನೋಡಿ “ಈಗ ನೀವೇನು ಮಾಡ್ತೀರಿ” ಎಂದು ಕೇಳುತ್ತಿದ್ದವರು, ಈಗ ಆ ಪ್ರಶ್ನೆಯನ್ನೇ ಮರೆತರು. ಆಡುವವರಿಗೆ ಒಂದು ಸಂಗತಿ ಬೇಗ ಹೊಳೆಯಿತು: ಯಾವ ಸೂಚನೆಯಾದರೂ ಸರಿ, ಮತಕ್ಕೆ ಮೊದಲು ಬಂದರೆ ರಹಮಾನಸಾಬರ ಮೌನ ಅದರ ಬೆನ್ನಿಗಿರುತ್ತದೆ. ಅಬ್ದುಲಗನಿಯು ಸೇನಾಪತಿ, ಕೋಟೆಯ ಕಾವಲುಗಾರ, ಕುದುರೆಲಾಯದ ಅಧಿಕಾರಿ, ಎಲ್ಲವೂ ಆದನು. ರಾಣಿಯು ರಾಕ್ಷಸನಿಂದ ಹಿಟ್ಟು ಬೀಸಿಸಿದಳು. ಮೂರನೆಯ ವಾರ ಚೇರಮನ್ನರ ಚುನಾವಣೆ ನಡೆದು, ರಹಮಾನಸಾಬರ ಹೆಸರನ್ನು ಸೂಚಿಸಿದಾಗ ಅವರು ಸುಮ್ಮನಿದ್ದುದರಿಂದ, ಅವಿರೋಧವಾಗಿ ಆಯ್ಕೆಯಾದರು. ಹಾರ ಹಾಕುವಾಗಲೂ ಸುಮ್ಮನಿದ್ದರು. ಇಷ್ಟು ವಿನಯವಂತ ಚೇರಮನ್ನರನ್ನು ತಮ್ಮ ಸೇವಾವಧಿಯಲ್ಲಿ ಕಂಡಿಲ್ಲವೆಂದು ಚನ್ನಬಸವಣ್ಣನವರು ಭಾಷಣ ಮಾಡಿದರು.

ಫರ್ಹಾನಾ ಹಾರವನ್ನು ತಂದೆಯ ಕೊರಳಿಂದ ತೆಗೆಯುತ್ತ ಹೇಳಿದಳು: “ಕಾಕಾ, ಅಬ್ಬಾ ಮತ್ತ ಮಾತಾಡವಲ್ರು.”

“ಮಾತಾಡದನ ಎಷ್ಟು ಮ್ಯಾಲ ಬಂದಾರ ನೋಡವಾ.”

“ಮುದುಕಿಗೆ ನೀರು ಯಾವಾಗ ಕೊಡೂದ್ರಿ? ಅದನ್ನ ಕೇಳಿದ್ರ ಮಾತಾಡ್ತಾರೇನೋ.”

“ಬಿಟ್ಟಿಲ್ಲವಾ. ಅಜೆಂಡಾದಾಗ ಐತಿ. ಹನ್ನೊಂದನೇ ವಿಷಯ.”

ಇದು ಸತ್ಯ. ‘ವಿಷಯ ಹನ್ನೊಂದು: ಬಾವಿಯ ಹತ್ತಿರದ ಮುದುಕಿಗೆ ನೀರು ತರುವ ಬಗ್ಗೆ’ ಎಂದು ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ಆದರೆ ಸಭೆಯು ಒಂದು ಸಲವೂ ಏಳನೆಯ ವಿಷಯವನ್ನು ದಾಟಲಿಲ್ಲ. ‘ಸಮಯದ ಅಭಾವದಿಂದ ಮುಂದೂಡಲಾಗಿದೆ’ ಎಂದು ಪ್ರತಿ ರವಿವಾರ ಬರೆದು ಸಹಿ ಮಾಡುತ್ತಿದ್ದರು. ಆ ಸಾಲು ಬರೆಯುವಾಗ ರಹಮಾನಸಾಬರು ಒಮ್ಮೆ ಪೆನ್ನಿನ ತುದಿಯನ್ನು ನೋಡಿ ದೃಷ್ಟಿ ತೆಗೆಯುತ್ತಿದ್ದರು. ಚನ್ನಬಸವಣ್ಣನವರು ಅದನ್ನು ಅಕ್ಷರದ ಮೆಚ್ಚುಗೆಯೆಂದು ತಿಳಿದರು.

ಚೇರಮನ್ನರಾದ ಸುದ್ದಿ ಓಣಿಯಲ್ಲಿ ಹಬ್ಬಿತು. ಯಾವುದಕ್ಕೆ ಚೇರಮನ್ನರೆಂದು ಬೆಟಗೇರಿಯಲ್ಲಿ ಯಾರೂ ಕೇಳಲಿಲ್ಲ, ಚೇರಮನ್ನರಾದರೆ ಸಾಕು. ಮೂಲೆಮನೆಯ ಹುಚ್ಚವ್ವ ಅರ್ಜಿ ಹಿಡಿದು ಬಂದಳು. ಹಿತ್ತಲಿನ ಬೇವಿನ ಮರವನ್ನು ಕಡಿಸಬೇಕು, ಮೈದುನ ಬಿಡುತ್ತಿಲ್ಲ.

“ಸಾಬರ, ಗಿಡಾ ಕಡಸ್ಲ್ಯಾ?” ಎಂದು ಕೇಳಿದಳು. ರಹಮಾನಸಾಬರು ಸುಮ್ಮನಿದ್ದರು. ಅವಳು ಕೈಮುಗಿದು ಹೋದಳು. ಅರ್ಧ ತಾಸಿಗೆ ಮೈದುನ ಬಂದು, “ಗಿಡಾ ಉಳಿಸಬೇಕರಿ ಸಾಬರ,” ಎಂದ. ಅದಕ್ಕೂ ಸುಮ್ಮನಿದ್ದರು. ಅವನೂ ಕೈಮುಗಿದು ಹೋದ. ಮರುದಿನ ಕೊಡಲಿ ಹಿಡಿದ ಹುಚ್ಚವ್ವನೂ ಮರವನ್ನು ತಬ್ಬಿಕೊಂಡ ಮೈದುನನೂ ಇಬ್ಬರೂ ಚೇರಮನ್ನರ ಅಪ್ಪಣೆ ತಮಗಾಗಿದೆಯೆಂದು ಕೂಗಾಡಿದ್ದನ್ನು ಇಡೀ ಓಣಿ ನೋಡಿತು. ನ್ಯಾಯ ಬಗೆಹರಿಸಲು ಎಲ್ಲರೂ ಮತ್ತೆ ರಹಮಾನಸಾಬರ ಬಾಗಿಲಿಗೇ ಬಂದರು. ಅವರು ಎದ್ದು ಒಳಗೆ ಹೋಗಿ, ಹೊಲಿಗೆಯ ಯಂತ್ರದ ಮುಂದೆ ದಾರವಿಲ್ಲದೆಯೇ ಕುಳಿತುಕೊಂಡರು.

ಗದ್ದಲದ ಸುದ್ದಿ ಸಹಕಾರ ಇಲಾಖೆಯ ಇನ್ಸ್ಪೆಕ್ಟರ್ ಉಳವಪ್ಪನವರ ಕಿವಿಗೆ ಬಿತ್ತು. ಗದಗ ಜಿಲ್ಲೆಯಾದ ಮೇಲೆ ಆಫೀಸುಗಳು ಹತ್ತಿರ ಬಂದವು, ಆಫೀಸರರೂ ಹತ್ತಿರ ಬಂದರು. ಆರನೆಯ ರವಿವಾರ, ರಜೆಯಾದರೂ, ನೋಂದಣಿಯಿಲ್ಲದ ಸಂಘವೊಂದು ಚೇರಮನ್ನರನ್ನಿಟ್ಟುಕೊಂಡು ನಡೆಯುತ್ತಿದೆಯೆಂದು ಅವರು ಖುದ್ದಾಗಿ ಸ್ಕೂಟರಿನ ಮೇಲೆ ಬಂದಿಳಿದರು.

“ಠರಾವು ಪುಸ್ತಕ ತರ್ರಿ,” ಎಂದರು. ಚನ್ನಬಸವಣ್ಣನವರು ಕೂಸನ್ನು ಕೊಡುವಂತೆ ಎರಡೂ ಕೈಯಿಂದ ಕೊಟ್ಟರು. ಉಳವಪ್ಪನವರು ಓದಿದರು. ರಾಕ್ಷಸನ ನೇಮಕಾತಿಯ ಠರಾವಿಗೆ ಬಂದಾಗ ಹುಬ್ಬುಗಳು ಮೇಲೇರಿದವು. ಕುದುರೆಲಾಯದ ಠರಾವಿಗೆ ಬಂದಾಗ ಇಳಿದವು. ಕೊನೆಯ ಪುಟ ಮುಗಿಸಿ ಹೇಳಿದರು:

“ಇಪ್ಪತ್ತೆರಡು ವರ್ಷ ತಪಾಸಣಿ ಮಾಡೀನಿ. ಇಷ್ಟು ಚಂದ ಬರದ ಪುಸ್ತಕ ನೋಡಿಲ್ಲ. ಇದು ಆಟ ಅಂತೀರಿ?”

“ಆಟನ್ರಿ.”

“ನಮ್ಮ ಖರೆ ಸಂಘದಾವ್ರು ಹಿಂಗ ಆಟಾ ಆಡಿದ್ರ ಸಾಕಾಗಿತ್ತು.” ನೋಂದಣಿಯ ಮಾತನ್ನು ಬಿಟ್ಟೇಬಿಟ್ಟು, ಚಹಾ ತೆಗೆದುಕೊಂಡು, ಬೂಟು ಕಳಚಿ ಕುಳಿತರು. ಆದರೂ ತಪ್ಪು ಹುಡುಕುವ ಬೆರಳು ಸುಮ್ಮನಿರಲಿಲ್ಲ. ಸದಸ್ಯರ ಪಟ್ಟಿಯ ಮೇಲೆ ಆಡುತ್ತ ಒಂದು ಕಡೆ ನಿಂತಿತು. “ಈ ಐದನೇ ಸದಸ್ಯರು ಯಾರು? ‘ಬಾವಿಯ ಹತ್ತಿರದ ಮುದುಕಿ.’ ಹೆಸರಿಲ್ಲ, ಸಹಿ ಇಲ್ಲ. ಐದು ಸಭಿಗೆ ಗೈರಹಾಜರಿ.”

ಕಥೆಯಲ್ಲಿ ಇದ್ದವರೆಲ್ಲ ಪಟ್ಟಿಯಲ್ಲಿಯೂ ಇರಬೇಕೆಂದು ಚನ್ನಬಸವಣ್ಣನವರೇ ಆಕೆಯನ್ನು ಸೇರಿಸಿದ್ದರು. ಈಗ ಕೆನ್ನೆ ಕೆಂಪಾಯಿತು. ಸತತ ಮೂರು ಸಭೆಗೆ ಬಾರದವರ ಸದಸ್ಯತ್ವ ರದ್ದಾಗತಕ್ಕದ್ದೆಂದು ಒಂಬತ್ತನೆಯ ವಿಧಿಯನ್ನು ಬರೆದವರೂ ಅವರೇ. ಕಣಗಿನಹಾಳದ ಮನುಷ್ಯ ಸ್ವಂತ ವಿಧಿಯನ್ನು ಮುರಿದಂತಾಗಿತ್ತು.

“ಈಗ ಸರಿಮಾಡ್ತೀನ್ರಿ ಸಾಹೇಬ್ರ,” ಎಂದು ಎದ್ದು ನಿಂತರು. “ಬಾವಿಯ ಹತ್ತಿರದ ಮುದುಕಿಯ ಹೆಸರನ್ನು ಪಟ್ಟಿಯಿಂದ ಕಡಿಮೆ ಮಾಡುವ ಬಗ್ಗೆ. ಸೂಚಕರು?”

“ನಾನ ಹೇಳೀನಿ ಅಂತ ಬರೀರಿ,” ಎಂದ ಅಬ್ದುಲಗನಿ, ಬೇಗ ಮುಗಿದರೆ ಸಾಕೆಂಬಂತೆ.

“ಅನುಮೋದಕರು?”

“ಕಾಕಾ, ಬ್ಯಾಡ್ರಿ,” ಎಂದಳು ಫರ್ಹಾನಾ.

“ವಿಧಿ ಐತಿ ತಂಗಿ, ನನ್ನ ಕೈಯಾಗಿಲ್ಲ. ಏ, ಸದಸ್ಯರು ಸಿದ್ದಲಿಂಗವ್ವ?”

ಸಿದ್ದಲಿಂಗವ್ವ ಗಂಡನ ಮುಖವನ್ನೇ ನೋಡಿದಳು. “ನನಗ ಸೇರವಲ್ಲದು,” ಎಂದಳು. “ಆದ್ರ ಆಗಲಿ.”

“ಚೇರಮನ್ನರು ಸುಮ್ಮನದಾರ,” ಎನ್ನುತ್ತ ಚನ್ನಬಸವಣ್ಣನವರು ಹೆಸರಿನ ಮೇಲೆ ಗೆರೆ ಎಳೆಯಲು ಪೆನ್ನು ಊರಿದರು.

“ಆಕಿ ಗೈರಹಾಜರಿ ಇಲ್ಲ.”

ಧ್ವನಿ ತುಕ್ಕು ಹಿಡಿದ ಕೊಂಡಿಯಂತಿತ್ತು. ಎಲ್ಲರೂ ತಿರುಗಿದರು. ರಹಮಾನಸಾಬರು ನೆಲದ ಮೇಲೆ ಎರಡೂ ಕೈಯೂರಿ ಮುಂದಕ್ಕೆ ಬಾಗಿದ್ದರು.

“ಅಲ್ಲೇ ಅದಾಳ. ಬಾವಿ ಹತ್ರನ ಅದಾಳ. ನಾವ ಹೋಗಿಲ್ಲ.”

ಉಳವಪ್ಪನವರು ಅಭ್ಯಾಸಬಲದಿಂದ, “ಆಕ್ಷೇಪಣಿಗೆ ಒಬ್ರು ಅನುಮೋದಕರು ಬೇಕಾಗತೈತಿ...” ಎಂದು ಆರಂಭಿಸಿದರು. ಸಿದ್ದಲಿಂಗವ್ವ ಚಹಾದ ಬಟ್ಟಲನ್ನು ಅವರ ಕೈಗೆ ಕೊಟ್ಟು, “ಕುಡೀರಿ ಸಾಹೇಬ್ರ, ಆರತೈತಿ,” ಎಂದಳು. ಅವರು ಕುಡಿದರು.

ಚನ್ನಬಸವಣ್ಣನವರು ಪೆನ್ನಿನ ಮುಚ್ಚಳ ಹಾಕಿದರು. ಉಪವಿಧಿಗಳ ಕಟ್ಟನ್ನು ಎತ್ತಿ ಬೆನ್ನ ಹಿಂದಿಟ್ಟರು. ಫರ್ಹಾನಾಳ ಆ ಹಳೆಯ ಹಾಳೆ ಠರಾವು ಪುಸ್ತಕದ ನಡುವೆ ಗುರುತಿಗೆ ಸಿಕ್ಕಿಸಿಕೊಂಡಿತ್ತು. ಅದನ್ನು ಬಿಡಿಸಿ ಮುಂದಿಟ್ಟುಕೊಂಡು, ಅದರಲ್ಲಿದ್ದುದನ್ನೇ, ಈ ಸಲ ಓದದೆ ಕೇಳಿದರು.

“ಈಗ ನೀವೇನು ಮಾಡ್ತೀರಿ, ರಹಮಾನಸಾಬರ?”

“ಹೊಳ್ಳಿ ಹೋಗ್ತೀನಿ. ಕೋಟಿ ಬಿಟ್ಟು ಇಳೀತೀನಿ. ನನ್ನ ತಲಿ ಪಟಗಾ ಬಿಚ್ಚಿ ಹಗ್ಗಾ ಮಾಡಿ ಬಾವಿಗೆ ಬಿಡ್ತೀನಿ. ತೊಯ್ದ ಪಟಗಾ ಆಕಿ ಬಾಯಾಗ ಹಿಂಡ್ತೀನಿ.” ಉಸಿರು ಸಾಲದೆ ನಿಲ್ಲಿಸಿದರು. “ಆಗತೈತೇನ್ರಿ?”

“ದಾಳ ಹಾಕ್ರಿ.”

ದಾಳ ಉರುಳಿ, ಚಾಪೆಯ ಅಂಚಿಗೆ ತಾಗಿ ನಿಂತಿತು. ಒಂದು.

ಸಂಘದ ಪುಸ್ತಕದಲ್ಲಿ ಮೂವತ್ತನಾಲ್ಕು ವರ್ಷ ಒಂದು ಸುಳ್ಳು ಅಕ್ಷರ ಬರೆಯದಿದ್ದ ಚನ್ನಬಸವಣ್ಣನವರು ಆ ಒಂಟಿ ಚುಕ್ಕೆಯನ್ನು ನೋಡಿದರು, ಗೆಳೆಯನ ಮುಖವನ್ನು ನೋಡಿದರು, ಅಂಗೈಯನ್ನು ದಾಳದ ಮೇಲೆ ಮುಚ್ಚಿದರು.

“ಆರು,” ಎಂದರು. “ಆರು ಬಿತ್ರಿ. ನೀರು ಮುಟ್ಟಿತು.”

ಇನ್ಸ್ಪೆಕ್ಟರು ತಮ್ಮ ಕಾಲುಚೀಲದ ತೂತನ್ನು ನೋಡತೊಡಗಿದರು. ರಹಮಾನಸಾಬರು ಗೆಳೆಯನ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟರು.

“ಒಂದು ಬಿದ್ದೈತ್ರಿ. ಸೂಜಿ ಪೋಣಿಸೂ ಕಣ್ಣು ನನ್ನವು.”

“ಮತ್ತೊಮ್ಮೆ ಹಾಕ್ರಿ ದುಲ್ಹಾಭಾಯಿ,” ಎಂದ ಅಬ್ದುಲಗನಿ. ಅವನ ದನಿ ಸಣ್ಣದಾಗಿತ್ತು.

“ಬ್ಯಾಡಪಾ. ಬಿದ್ದದ್ದು ಬಿತ್ತು. ಬರೀರಿ ಚನ್ನಬಸಣ್ಣಾರ. ನೀರು ಮುಟ್ಟಲಿಲ್ಲ ಅಂತ ಬರೀರಿ.”

ಚನ್ನಬಸವಣ್ಣನವರು ಬರೆದರು. ದುಂಡಗಿನ ಅಕ್ಷರಗಳು ದುಂಡಗೆ ಬರಲಿಲ್ಲ.

“ಆದ್ರ ಆ ದಾರಿಹೋಕ ಓಡಿಕೋತ ಬಂದಿದ್ದ, ಅದನ್ನೂ ಬರೀರಿ,” ಎಂದರು ರಹಮಾನಸಾಬರು.

“ಎಲ್ಲಿಂದ ಓಡಿ ಬಂದಾ ಅಂತ ಬರೀಲ್ರಿ?”

“ಶಿರಹಟ್ಟಿ ದಾಟಿ ಬಸ್ಸು ಕೆಟ್ಟು ನಿಂತಿತ್ತಲ್ರಿ, ಅಲ್ಲಿಂದ.”

ಕಥೆಯಲ್ಲಿ ಬೆಟ್ಟವಿತ್ತು, ಕೋಟೆಯಿತ್ತು. ಬಸ್ಸು ಇರಲಿಲ್ಲ. ಹಾಗೆಂದು ಯಾರೂ ಹೇಳಲಿಲ್ಲ. ಫರ್ಹಾನಾ ಗೋಡೆಗೆ ಒರಗಿಕೊಂಡಳು.

“ಬಸ್ಸು ಕೆಟ್ಟಿತ್ತಾ?” ಎಂದ ಅಬ್ದುಲಗನಿ. “ಆವತ್ತ ಇದನ್ನ ಹೇಳಲಿಲ್ಲಲ್ರಿ ನೀವು.”

“ನೀ ಕೇಳಲಿಲ್ಲ,” ಎಂದರು ರಹಮಾನಸಾಬರು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೇ ಅಬ್ದುಲಗನಿಗೆ ಹಗುರೆನಿಸುತ್ತಿತ್ತು. ಅವನು ತಲೆಯ ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ಕುಳಿತ. ರಹಮಾನಸಾಬರು ಅವನಿಗಲ್ಲ, ಯಾರಿಗೂ ಅಲ್ಲ ಎಂಬಂತೆ ಮುಂದುವರಿಸಿದರು. “ಡ್ರೈವರ ಅರ್ಧಾ ತಾಸು ಅಂದಾ. ನಾ ತಡೀಲಿಲ್ಲ. ಬಗಲಾಗ ಶೇರವಾನಿ ಗಂಟಿತ್ತು, ಅದನ್ನ ಒಗಿಲಿಲ್ಲ ನೋಡ್ರಿ, ಮಂದಿ ಮದವಿ ಅರಿವಿ ಅಂತ ಹಿಡಕೊಂಡ ಓಡಿದೆ. ಒಂದು ಚಪ್ಪಲಿ ಎಲ್ಲಿ ಹೋತೋ. ಟ್ರ್ಯಾಕ್ಟರದಾಂವಾ ಒಬ್ಬ ಸ್ವಲ್ಪ ದೂರ ಹತ್ತಿಸಿಕೊಂಡಾ. ಅಂವಾ ಹಾದಿ ತುಂಬ ತನ್ನ ಎತ್ತಿನ ಕಥಿ ಹೇಳಾಕ್ಹತ್ತಿದ್ದಾ, ನಾ ಹೂಂ ಅನ್ನಲಿಲ್ಲ ಅಂತ ಬ್ಯಾಸರಾ ಮಾಡಕೊಂಡಾ...”

ಇಷ್ಟು ತಿಂಗಳ ಮಾತು ಒಂದರ ಮೇಲೊಂದು ಬಿದ್ದು ಬರತೊಡಗಿತು. ಸಿದ್ದಲಿಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಚನ್ನಬಸವಣ್ಣನವರು ಮುಂದಿನ ಪುಟ ತಿರುವಿ, ಅಂಚಿನ ಗೆರೆಗಳನ್ನೂ ಕ್ರಮಸಂಖ್ಯೆಯನ್ನೂ ಹಾಕದೆ, ಪೆನ್ನು ಹಿಡಿದು ಹತ್ತಿರ ಸರಿದರು.

“ನಿಧಾನಕ ಹೇಳ್ರಿ,” ಎಂದರು. “ಒಂದೂ ಬಿಡದಂಗ ಬರಕೋತೀನಿ.”